ಟೈರಿನ ದಾರ ಕತ್ತರಿಸಿದವರು

ಮೊನ್ನೆ ಮಡಕಶಿರದ ಟೈರು ಅಂಗಡಿಯಲ್ಲಿ ನನ್ನ ಗಾಡಿಯ ಚಕ್ರಗಳನ್ನೆಲ್ಲ ಬಿಚ್ಚಿ ಸಾಲಾಗಿ ಮಲಗಿಸಿದ್ದರು. ಹೊಸ ಟೈರುಗಳು ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದವು. ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅಂಗಡಿಯವನು ಹತ್ತಿರ ಬಂದು, "ಅದ್ಯಾಕೆ ಯಜಮಾನ್ರೆ, ಟೈರಿನ ಕೂದ್ಲು ಕೀಳ್ತಾ ಕುಂತಿದೀರಾ?" ಎಂದು ನಕ್ಕ. ನೋಡುತ್ತೇನೆ, ಹೌದು! ಹೊಸ ಟೈರಿನ ಮೈತುಂಬ ಮುಳ್ಳಿನಂತೆ ಎದ್ದು ನಿಂತಿರುತ್ತವಲ್ಲ, ಸಣ್ಣ ರಬ್ಬರಿನ ಕೂದಲುಗಳು, ಅವನ್ನು ನನ್ನ ಬಲಗೈ ತನ್ನಷ್ಟಕ್ಕೆ ತಾನು ಒಂದೊಂದಾಗಿ ಚಿವುಟುತ್ತಿತ್ತು.

"ಅಭ್ಯಾಸ ಕಣಪ್ಪ," ಎಂದೆ.

"ಇದೆಂಥ ಅಭ್ಯಾಸ? ನಾನೂ ಇಷ್ಟು ವರ್ಷದಿಂದ ಟೈರ್ ಹಾಕ್ತಿದೀನಿ, ಯಾರೂ ಇಂಗೆ ಮಾಡಿದ್ದು ಕಾಣೆ."

ಇದು ನನ್ನ ಅಭ್ಯಾಸವಲ್ಲ, ರಾಯದುರ್ಗದ ಗಾರ್ಮೆಂಟಿನ ಹೆಣ್ಣುಮಕ್ಕಳದು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನಿಗೆ ಇನ್ನೊಂದು ಗಿರಾಕಿ ಬಂತು. ಕಥೆ ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹೇಳುವ ಪುರುಸೊತ್ತು ನನಗೆ ಈಗ ಬೇಕಾದಷ್ಟಿದೆ.

ನಮ್ಮೂರು ಮಡಕಶಿರದ ಪಕ್ಕದ ಗುಡಿಬಂಡೆ ಹತ್ತಿರದ ಒಂದು ಹಳ್ಳಿ. ಅಪ್ಪನಿಗೆ ಕಡಲೆಕಾಯಿ ಮತ್ತು ರಾಗಿಯ ಹೊಲ, ಬೋರು ಹಾಕಿಸಿದ ಮೇಲೆ ಒಂದಿಷ್ಟು ಹಿಪ್ಪುನೇರಳೆ. ನನಗೆ ಒಂದು ಹಳೆಯ ಫೋರ್ ವೀಲ್ ಡ್ರೈವ್ ಜೀಪು. ಹಳ್ಳಿಯಿಂದ ಮಡಕಶಿರಕ್ಕೆ ಜನರನ್ನು ತುಂಬಿಕೊಂಡು ಹೋಗುವುದು, ಸಂಜೆಗೆ ತುಂಬಿಕೊಂಡು ಬರುವುದು, ಇದೇ ನನ್ನ ಬದುಕು. ಆಮೇಲೆ ಆಟೋಗಳು ಬಂದವು. ಆಟೋ ಮನೆ ಬಾಗಿಲಿಗೇ ಬರುತ್ತದೆ, ನನ್ನ ಜೀಪು ಅರಳಿಕಟ್ಟೆಯ ಹತ್ತಿರ ನಿಂತು ಹಾರನ್ ಹೊಡೆಯುತ್ತದೆ. ಜನ ಯಾವುದಕ್ಕೆ ಹತ್ತುತ್ತಾರೆ ಹೇಳಿ. ಆ ವರ್ಷಗಳಲ್ಲಿ ನಮ್ಮ ಕಡೆಯಿಂದ ಎಲ್ಲರೂ ಎಲ್ಲಿಗಾದರೂ ಹೊರಟವರೇ. ರಾಯದುರ್ಗದಲ್ಲಿ ಓಣಿ ಓಣಿಗೂ ಜೀನ್ಸ್ ಪ್ಯಾಂಟು ಹೊಲಿಯುವ ಗಾರ್ಮೆಂಟು ಶುರುವಾಗಿವೆ, ಹಳ್ಳಿಗಳಿಂದ ಹೆಣ್ಣಾಳು ಕರೆತರಲು ಗಾಡಿ ಬೇಕಂತೆ ಎಂದು ಯಾರೋ ಅಂದರು. ನಾನೂ ಜೀಪಿನ ಹಿಂದೆ ಹಾಸಿಗೆ ಸುತ್ತಿ ಇಟ್ಟುಕೊಂಡು ಹೊರಟುಬಿಟ್ಟೆ.

ನನಗೆ ಸಿಕ್ಕಿದ್ದು ಬೊಮ್ಮನಹಾಳ್ ಕಡೆಯ ಒಂದು ಹಳ್ಳಿ. ಕಾಲುವೆ ನೀರಿನ ಭತ್ತದ ಊರು, ನೆಲವೆಲ್ಲ ಎರೆಮಣ್ಣು. ಡಾಂಬರು ರಸ್ತೆಯಿಂದ ಊರಿಗೆ ಒಳದಾರಿ. ಕಾಲುವೆಗೆ ನೀರು ಬಿಟ್ಟರೆ ಸಾಕು, ಆ ದಾರಿ ಹುಗ್ಗಿಯಾಗುತ್ತಿತ್ತು. ಬೇರೆ ಗಾಡಿಯವರು ಅಲ್ಲಿಗೆ ಬರಲು ಒಲ್ಲೆ ಎನ್ನುತ್ತಿದ್ದರು. ನಾನು ಕೆಳಗಿನ ಸಣ್ಣ ಗೇರು ಎಳೆದು ನಾಲ್ಕೂ ಚಕ್ರಕ್ಕೆ ಜೀವ ಕೊಟ್ಟೆನೆಂದರೆ ಜೀಪು ಎಮ್ಮೆಯ ಹಾಗೆ ಉಸಿರು ಬಿಡುತ್ತಾ ದಾಟಿಬಿಡುತ್ತಿತ್ತು. ಆ ಕೆಸರಿನಿಂದಾಗಿ ನನಗೆ ಅನ್ನ ಸಿಕ್ಕಿತು.

ಜೀಪಿನಲ್ಲಿ ಬರುವವರೆಲ್ಲ ಹೆಂಗಸರು, ಹುಡುಗಿಯರು. ಅವರ ಪೈಕಿ ಒಬ್ಬ ಹಿರಿಯಳಿದ್ದಳು. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನನ್ನು ಅವರು ಮಡಕಶಿರದಣ್ಣ ಎಂದರು. ನನ್ನ ಮಾತೆಂದರೆ ಅವರಿಗೆ ಗೇಲಿ. ನಾನು "ಐತೆ" ಎಂದರೆ ಹಿಂದಿನಿಂದ ಇಡೀ ಜೀಪು "ಐತೆ, ಐತೆ" ಎಂದು ರಾಗ ಎಳೆಯುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ. ಯಾರಾದರೂ ಮನೆಯಿಂದ ಹೊರಬರಲು ಸ್ವಲ್ಪ ತಡಮಾಡಿದರೂ ಹಾರನ್ನಿನ ಮೇಲೆ ಕೈ ಇಟ್ಟರೆ ತೆಗೆಯುತ್ತಿರಲಿಲ್ಲ. "ನಿಮ್ಮ ಹಾರನ್ನಿಗೆ ನಮ್ಮೂರ ಕೋಳಿ ಮೊಟ್ಟಿ ಇಡೋದು ಬಿಟ್ಟಾವ ನೋಡ್ರಿ," ಎಂದು ದೊಡ್ಡಕ್ಕ ಬೈಯುತ್ತಿದ್ದಳು.

ಇವರಲ್ಲಿ ಬಹುಪಾಲು ಜನ ಫಿನಿಶಿಂಗ್ ಕೆಲಸದವರು. ಹೊಲಿದು ಬಂದ ಪ್ಯಾಂಟಿನ ಮೇಲೆ ನೇತಾಡುವ ದಾರವನ್ನೆಲ್ಲ ಪುಟ್ಟ ಕತ್ತರಿಯಿಂದ ಕತ್ತರಿಸಬೇಕು. ಪ್ಯಾಂಟಿನ ಒಳಮಗ್ಗುಲು ಹೊರಗೆ ಮಾಡಿ, ಅಂಗೈ ಸವರಿ, ಕಣ್ಣಿಗೆ ಕಾಣದ ದಾರವನ್ನೂ ಹುಡುಕಿ ತೆಗೆಯಬೇಕು. ಕತ್ತರಿಸಿದ ಒಂದೊಂದು ಬಟ್ಟೆಯ ತುಂಡಿಗೂ ನಂಬರಿನ ಸಣ್ಣ ಸ್ಟಿಕ್ಕರು ಹಚ್ಚಿರುತ್ತಾರೆ, ಒಂದು ಪ್ಯಾಂಟಿನ ಕಾಲು ಇನ್ನೊಂದಕ್ಕೆ ಸೇರಬಾರದೆಂದು. ಹೊಲಿಗೆಯಾದ ಮೇಲೆ ಆ ಸ್ಟಿಕ್ಕರುಗಳನ್ನೂ ಕೀಳಬೇಕು. ಕಿತ್ತದ್ದನ್ನು ನೆಲಕ್ಕೆ ಹಾಕುವ ಹಾಗಿಲ್ಲ, ಇನ್ನೊಂದು ಬಟ್ಟೆಗೆ ಅಂಟುತ್ತದೆ. ಮೇಜಿನ ಅಂಚಿಗೆ ಸಾಲಾಗಿ ಅಂಟಿಸಬೇಕು. ದಿನವಿಡೀ ಇದೇ. ಕತ್ತರಿ ಅವರ ಸ್ವಂತದ್ದು. ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು ಭಾನುವಾರವೂ ತೆಗೆಯುತ್ತಿರಲಿಲ್ಲ. ಒಮ್ಮೆ ನನ್ನ ಅಂಗಿಯ ತೋಳಿನಲ್ಲಿ ಒಂದು ಎಳೆ ಬಿಚ್ಚಿಕೊಂಡಿತ್ತು. ನಾನು ಗಾಡಿ ಓಡಿಸುತ್ತಿದ್ದಂತೆಯೇ ಹಿಂದಿನಿಂದ ಒಂದು ಕೈ ಬಂದು ಕಚಕ್ ಎಂದು ಕತ್ತರಿಸಿತು. ಜೀವ ಬಾಯಿಗೆ ಬಂದಿತ್ತು!

ಆ ಕೈ ಒಬ್ಬ ಸೊಸೆಯದು. ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆಗೆ ಒಂದೇ ಆಸೆ: ದಾರ ಕತ್ತರಿಸುವುದು ಬಿಟ್ಟು ಹೊಲಿಗೆ ಮಿಷನ್ನಿಗೆ ಕೂರಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾರದ್ದೋ ಮಿಷನ್ನಿನಲ್ಲಿ ಚಿಂದಿ ಬಟ್ಟೆ ಹೊಲಿದು ಹೊಲಿದು ಕೈ ಪಳಗಿಸಿಕೊಂಡಿದ್ದಳು. ಸೂಪರ್‌ವೈಸರು ನೋಡಿ, ಬರುವ ಸೋಮವಾರದಿಂದ ಒಂದು ಮಿಷನ್ನು ನಿನಗೆ ಎಂದಿದ್ದ. ಆ ಸಂಜೆ ಜೀಪಿನಲ್ಲಿ ಅವಳು ನನ್ನ ಸೀಟಿಗೆ ಬಗ್ಗಿ, "ಅಣ್ಣಾ, ನಾ ಮಿಷನ್ನಿಗೆ ಕುಂತ್ರ ಇವ್ರು ಬೆಂಗಳೂರು ಬಿಟ್ಟು ಬರ್ತಾರಂತ್ರಿ. ಇಬ್ರೂ ಇಲ್ಲೇ ದುಡೀಬೌದಂತ ಅಂದಾರ," ಎಂದಳು. ಹೇಳಬೇಕೆಂದು ಬಹಳ ಹೊತ್ತಿನಿಂದ ಕಾಯುತ್ತಿದ್ದಳೆಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

ಅದೇ ಸಂಜೆ ನಾವು ಬಿದ್ದದ್ದು. ನನ್ನ ಟೈರುಗಳು ಆಗ ಸವೆದು ಹಪ್ಪಳವಾಗಿದ್ದವು. ಚಕ್ರದ ನಡುವಿನ ಕಬ್ಬಿಣದ ಡಿಸ್ಕುಗಳೂ ಕಲ್ಲಿಗೆ ಬಡಿದು ಬಡಿದು ಅಂಕುಡೊಂಕಾಗಿದ್ದವು. ಡಾಂಬರು ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋದರೆ ಸ್ಟೇರಿಂಗು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಒಳದಾರಿಯ ತಿರುವಿನಲ್ಲಿ ಸಣ್ಣ ಗೇರು ಎಳೆದೆ, ನಾಲ್ಕೂ ಚಕ್ರ ತಿರುಗಿದವು, ಆದರೆ ಹಿಡಿಯಲು ಟೈರಿನಲ್ಲಿ ಹಲ್ಲೇ ಇಲ್ಲ. ಜೀಪು ಸಾವಕಾಶವಾಗಿ, ಯಾರೋ ಕೈಹಿಡಿದು ಇಳಿಸಿದ ಹಾಗೆ, ಪಕ್ಕದ ಭತ್ತದ ಗದ್ದೆಗೆ ಜಾರಿ ವಾಲಿಕೊಂಡಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಎಲ್ಲರೂ ಸೊಂಟದವರೆಗೆ ಕೆಸರು ಮಾಡಿಕೊಂಡು ನಡೆದೇ ಊರು ಸೇರಿದರು.

ಸೊಸೆಯ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಎತ್ತರದ ಹೆಂಗಸು, ಗಂಡ ತೀರಿಕೊಂಡ ಮೇಲೆ ಮನೆ, ಹೊಲ ಎರಡನ್ನೂ ಒಬ್ಬಳೇ ನಡೆಸಿದವಳು. ಅವಳೆದುರು ಮಾತಾಡಲು ಊರಿನ ಗಂಡಸರೂ ಎರಡು ಸಲ ಯೋಚಿಸುತ್ತಿದ್ದರು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಪಾ, ಗದ್ಯಾಗ ಬೀಳಾಕ ರಾಯದುರ್ಗಕ್ಕ ಯಾಕ ಹೋಗ್ಬೇಕು? ನಮ್ಮ ಗದ್ದಿ ಇಲ್ಲೇ ಐತಲ್ಲ!" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವಳ ಮಾತಿನಲ್ಲಿ ತಪ್ಪೇನಿತ್ತು?

"ನಾಳಿಂದ ನನ್ನ ಸೊಸಿ ಬರಂಗಿಲ್ಲ," ಎಂದಳು ಅವಳು. ಸೊಸೆ ತಲೆ ತಗ್ಗಿಸಿ ಸೀರೆಯ ಸೆರಗಿನ ಕೆಸರನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೂ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ದೊಡ್ಡಕ್ಕ ನಡುವೆ ಬಂದಳು. ಮಡಕಶಿರದಣ್ಣ ಹೊಸ ಟೈರು ಹಾಕಿಸುತ್ತಾನೆ, ಭಾನುವಾರದೊಳಗೆ ಹಾಕಿಸುತ್ತಾನೆ ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟಳು. ಅತ್ತೆ ಜಗಿಯುತ್ತಿದ್ದ ಎಲೆಅಡಿಕೆ ಉಗುಳಿದಳು.

"ಆಗ್ಲಿ. ಸೋಮವಾರ ನಾನಽ ಮುಂದ ಕುಂದರ್ತೀನಿ. ಒಂದು ತಂಬಿಗಿ ತುಂಬ ಮಜ್ಜಿಗಿ ಹಿಡಕೊಂಡಿರ್ತೀನಿ. ಮಣ್ಣಿನ ದಾರ್ಯಾಗ ಮುಚ್ಚಳ ಹಾಕ್ತೀನಿ, ಡಾಂಬರಿಗೆ ಏರಿದ ಮ್ಯಾಲ ತೆಗೀತೀನಿ. ತುಳುಕಿತೋ, ನನ್ನ ಸೊಸಿ ವಾಪಸ್ ಮನಿಗೆ."

ನ್ಯಾಯವಾಗಿಯೇ ಇತ್ತು. ಮಣ್ಣಿನ ದಾರಿಗೆ ರಿಯಾಯಿತಿ ಕೊಟ್ಟಿದ್ದಳಲ್ಲ!

ಆ ವರ್ಷ ನಮ್ಮ ಕಡೆ ಮಳೆ ಚೆನ್ನಾಗಿ ಬಂದು ಕಡಲೆಕಾಯಿ ಕೈಹಿಡಿದಿತ್ತು. ಊರಿಗೆ ಹೋದೆ, ಅಪ್ಪ ಯಾವ ಪ್ರಶ್ನೆಯನ್ನೂ ಕೇಳದೆ ಟೈರಿಗೆ ಬೇಕಾದ ದುಡ್ಡು ಕೊಟ್ಟ. ಭಾನುವಾರ ಬೆಳಿಗ್ಗೆಯೇ ಬಳ್ಳಾರಿಗೆ ಹೋದೆ. ರಾಯದುರ್ಗದಲ್ಲಿ ಆಗ ಪಂಕ್ಚರ್ ಅಂಗಡಿಗಳಿದ್ದವೇ ಹೊರತು ಬ್ಯಾಲೆನ್ಸಿಂಗ್ ಮಿಷನ್ನು ಇರಲಿಲ್ಲ. ಮುಂದಿನ ಎರಡಕ್ಕೆ ಮಾತ್ರ ಹೊಸದು ಹಾಕಿದರೆ ಸಾಲದೇ ಎಂದು ಅಂಗಡಿಯವರನ್ನು ಕೇಳಿದೆ. "ಫೋರ್ ವೀಲ್ ಗಾಡಿ ಐತಲ್ರಿ ಇದು. ನಾಕೂ ಒಂದೇ ಅಳತಿ ಇರ್ಬೇಕು. ಒಂದು ಸಣ್ಣದು ಒಂದು ದೊಡ್ಡದು ಹಾಕಿದ್ರ ಒಳಗಿನ ಗೇರು ಕಿತ್ಕೊಂಡು ಹೋಗ್ತಾವ," ಎಂದರು. ಸರಿ, ನಾಲ್ಕೂ ಹೊಸ ಟೈರು, ನಾಲ್ಕೂ ಹೊಸ ಡಿಸ್ಕು.

ಅದನ್ನು ನೋಡುವುದೇ ಒಂದು ಹಬ್ಬ. ಟೈರಿನ ಬಾಯಿಗೆ ಸೋಪಿನ ನೀರು ಸವರಿ, ಡಿಸ್ಕಿನ ಮೇಲೆ ಕೂರಿಸಿ, ಗಾಳಿ ಬಿಟ್ಟರೆ ಟಪ್ ಎಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರವನ್ನು ಮಿಷನ್ನಿಗೆ ಏರಿಸಿ ಗಿರ್ರನೆ ತಿರುಗಿಸುತ್ತಾರೆ. ಮಿಷನ್ನಿನ ಮುಖದ ಮೇಲೆ ಕೆಂಪು ಅಂಕಿ ಮೂಡುತ್ತದೆ: ಇಲ್ಲಿ ತೂಕ ಕಡಿಮೆ, ಇಷ್ಟು ಕಡಿಮೆ ಎಂದು. ಅಲ್ಲಿಗೆ ಅಷ್ಟೇ ತೂಕದ ಸೀಸದ ಚೂರು ಅಂಟಿಸಿ ಮತ್ತೆ ತಿರುಗಿಸುತ್ತಾರೆ. ಅಂಕಿ ಸೊನ್ನೆಯಾಗುವವರೆಗೆ ಬಿಡುವುದಿಲ್ಲ. ಬೆರಳಿನ ಉಗುರಿನಷ್ಟು ಅಗಲದ ಆ ಚೂರುಗಳ ಮೇಲೆ ಅವುಗಳ ತೂಕದ ನಂಬರನ್ನೂ ಒತ್ತಿದ್ದರು. "ಈ ಸೀಸ ಬಿದ್ರ ಸ್ಟೇರಿಂಗ್ ಮತ್ತ ಕುಣೀತೈತಿ. ಗಮ್ ಹಿಡೀಬೇಕು, ನಾಳಿಗಂಟ ನೀರು ಹಾಕಬ್ಯಾಡ್ರಿ," ಎಂದು ಅಂಗಡಿಯವರು ಎಚ್ಚರಿಸಿದರು.

ಬಳ್ಳಾರಿಯಿಂದ ವಾಪಸ್ಸು ಬರುವಾಗಿನ ಆ ಓಟವನ್ನು ಹೇಗೆ ಹೇಳಲಿ! ಸ್ಟೇರಿಂಗನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕಿತ್ತು. ಇದು ನನ್ನದೇ ಜೀಪಾ ಎಂದು ನನಗೇ ಅನುಮಾನ. ಒಬ್ಬನೇ ನಗುತ್ತಾ, ಎದುರಿಗೆ ಬಂದ ಎತ್ತಿನ ಗಾಡಿಗೂ ಲಾರಿಗೂ ಸುಮ್ಮನೆ ಹಾರನ್ ಹೊಡೆಯುತ್ತಾ ಬಂದೆ. ಮಾರನೆಯ ದಿನದ ಮಜ್ಜಿಗೆಯ ಒಂದು ಹನಿಯೂ ತುಳುಕುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಬೆಳಿಗ್ಗೆ ಅಲ್ಲಿಂದಲೇ ಹೊರಡಬಹುದೆಂದು ರಾಯದುರ್ಗಕ್ಕೆ ಹೋಗದೆ ನೇರವಾಗಿ ಹಳ್ಳಿಗೇ ಜೀಪು ತಿರುಗಿಸಿದೆ.

ಹೊತ್ತು ಮುಳುಗುವ ಸಮಯಕ್ಕೆ ದೊಡ್ಡಕ್ಕನ ಮನೆ ಮುಂದೆ ನಿಲ್ಲಿಸಿದೆ. ಹೆಂಗಸರೆಲ್ಲ ಓಡಿ ಬಂದರು. "ಏನಣ್ಣಾ, ಮೂಗಿಗಿಂತ ಮೂಗುತಿ ಭಾರ ಆತಲ್ಲ!" ಎಂದು ಒಬ್ಬಳು. "ಮುದಿಕಿಗೆ ಹೊಸ ಕಾಲಂದಿಗಿ," ಎಂದು ಇನ್ನೊಬ್ಬಳು. ಸೊಸೆ ಒಂದು ಟೈರಿನ ಮೇಲೆ ಕೈ ಇಟ್ಟು ನಿಂತಿದ್ದಳು. ದೊಡ್ಡಕ್ಕ ನನ್ನನ್ನು ಒಳಗೆ ಕರೆದು ಜೋಳದ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ಹೊರಗೆ ಗುಸುಗುಸು, ನಗು. ನನಗೆ ಅಂಗಡಿಯವರ ಮಾತು ನೆನಪಾಗಿ ಒಳಗಿನಿಂದಲೇ ಕೂಗಿದೆ: "ಏಯ್, ಗಾಡಿಗೆ ನೀರ್ ಗೀರ್ ಹಾಕ್ಬುಟ್ಟೀರ ಕಣ್ರವ್ವಾ!"

"ಇಲ್ಲಣ್ಣಾ, ಒಂದ್ ಹನಿ ನೀರು ಹಾಕಂಗಿಲ್ಲ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಗಿತ್ತಿಯರು. ಒಂದು ಹನಿ ನೀರನ್ನೂ ಹಾಕಲಿಲ್ಲ.

ಬೆಳಿಗ್ಗೆ ನೋಡಿದರೆ ಜೀಪು ಮದುಮಗಳಂತಿತ್ತು. ಡಿಸ್ಕುಗಳನ್ನು ಒಣಬಟ್ಟೆಯಿಂದ ಒರೆಸಿ ಫಳಫಳ ಎನ್ನಿಸಿದ್ದರು. ಟೈರಿಗೆ ಅರಿಸಿನ ಕುಂಕುಮ, ನಾಲ್ಕಕ್ಕೂ ಕೆಳಗೆ ನಿಂಬೆಹಣ್ಣು. ನನಗೆ ಕಣ್ಣು ತುಂಬಿ ಬಂತು. ಬಗ್ಗಿ ನೋಡಬೇಕೆಂದು ಅನ್ನಿಸಲೇ ಇಲ್ಲ. ಅತ್ತೆ ಇಳಕಲ್ ಸೀರೆ ಉಟ್ಟು, ಹಿತ್ತಾಳೆ ತಂಬಿಗೆ ಹಿಡಿದು, ನನ್ನ ಪಕ್ಕದಲ್ಲಿ ಹತ್ತಿ ಕುಳಿತಳು. ಹಿಂದೆ ಎಲ್ಲರೂ ಕತ್ತು ಚಾಚಿ ತಂಬಿಗೆಯನ್ನೇ ನೋಡುತ್ತಿದ್ದರು. ನಿಂಬೆಹಣ್ಣು ಜಜ್ಜಿಕೊಂಡು ಜೀಪು ಹೊರಟಿತು.

ಒಳದಾರಿಯ ಕೆಸರನ್ನು ಹೊಸ ಟೈರು ಕಚ್ಚಿ ಕಚ್ಚಿ ದಾಟಿತು. ನಾವು ಬಿದ್ದ ತಿರುವು ಬಂದಾಗ ಅತ್ತೆ ಗದ್ದೆಯ ಕಡೆ ಒಮ್ಮೆ ನೋಡಿ, "ಹ್ಞೂಂ," ಎಂದಳು. ನನಗೆ ಆನೆಬಲ ಬಂತು. ಡಾಂಬರಿಗೆ ಏರಿದೆವು. ಅತ್ತೆ ಮುಚ್ಚಳ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಾನು ಗೇರು ಬದಲಿಸಿ ಸ್ವಲ್ಪ ಒತ್ತಿದೆ. ಮಜ್ಜಿಗೆ ಕದಲಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ.

ಶುರುವಾಯಿತು ನೋಡಿ. ಮೊದಲು ಸ್ಟೇರಿಂಗಿನಲ್ಲಿ ಸಣ್ಣ ಕಂಪನ. ಆಮೇಲೆ ಮೊಣಕೈವರೆಗೆ ನಡುಕ. ಆಮೇಲೆ ಇಡೀ ಜೀಪು ಮೈಮೇಲೆ ದೇವರು ಬಂದಂತೆ ಗಡಗಡ ಎನ್ನತೊಡಗಿತು. ನಾನು ಬ್ರೇಕಿಗೆ ಕಾಲಿಡುವಷ್ಟರಲ್ಲಿ ತಂಬಿಗೆಯ ಮಜ್ಜಿಗೆ ಎಗರಿ ಅತ್ತೆಯ ಇಳಕಲ್ ಸೀರೆಯ ಮೇಲೆ ಬಿತ್ತು.

ಜೀಪು ನಿಂತಿತು. ನಾನು ಕೆಳಗೆ ಧುಮುಕಿ ಮುಂದಿನ ಚಕ್ರದ ಹತ್ತಿರ ಕುಳಿತು ನೋಡಿದೆ. ಸೀಸ ಇಲ್ಲ! ಇನ್ನೊಂದು ಕಡೆ ಓಡಿದೆ. ಅಲ್ಲೂ ಇಲ್ಲ! ನಾಲ್ಕು ಚಕ್ರಗಳಲ್ಲಿ ಒಂದಕ್ಕೂ ಇಲ್ಲ. ಅಷ್ಟೇ ಅಲ್ಲ, ಕೆಸರು ಒರೆಸಿ ಟೈರು ನೋಡಿದರೆ ಆಗತಾನೇ ಮುಂಡನ ಮಾಡಿಸಿಕೊಂಡ ತಲೆಯ ಹಾಗೆ ನುಣ್ಣಗೆ ಹೊಳೆಯುತ್ತಿದೆ. ಒಂದು ರಬ್ಬರಿನ ಕೂದಲೂ ಉಳಿದಿಲ್ಲ.

"ಯಾರೇ ಇದನ್ನ ಮಾಡಿದ್ದು?" ಎಂದು ಗಂಟಲು ಹರಿಯುವಂತೆ ಕಿರುಚಿದೆ. "ಸೀಸ ಎಲ್ಲಿ? ಟೈರಿಗೆ ಏನ್ ಮಾಡ್ಬುಟ್ರಿ?"

ಸೊಸೆ ಎಲ್ಲರಿಗಿಂತ ಮೊದಲು ಇಳಿದಳು. "ನಾನಽ ಅಣ್ಣಾ," ಎಂದಳು. ಎಲ್ಲರೂ ಸೇರಿ ಮಾಡಿದ ಕೆಲಸ ಅದು. ಒಬ್ಬಳ ಕೈಯಲ್ಲಿ ಅಷ್ಟು ಹೊತ್ತಿನಲ್ಲಿ ಆಗುವ ಮಾತೇ ಅಲ್ಲ. ಆದರೂ ಅತ್ತೆಯ ಎದುರಿಗೆ, ಮಿಷನ್ನಿಗೆ ಕೂರಬೇಕಾದ ದಿನವೇ, ಅವಳು ಹಾಗೆಂದಳು. "ಟೈರಿನ ತುಂಬ ದಾರ ಎದ್ದಿದ್ವಲ್ಲ, ಯಾರೋ ಫಿನಿಶಿಂಗ್ ಮಾಡದಽ ಕಳಿಸ್ಯಾರ ಅಂದ್ಕೊಂಡೆ. ಕತ್ತರಿಸಿದೆ. ಆ ಚೂರಿನ ಮ್ಯಾಲ ನಂಬರಿದ್ವು. ನಂಬರಿದ್ದದ್ದು ಕೀಳ್ಬೇಕಂತ ನಮಗ ಕಲಿಸ್ಯಾರ."

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತಲ್ಲವ್ವಾ," ಎಂದು ದೊಡ್ಡಕ್ಕ ಹಣೆ ಬಡಿದುಕೊಂಡಳು. ಹಿಂದೆ ಒಬ್ಬ ಹುಡುಗಿ ಅಳತೊಡಗಿದಳು.

ಅತ್ತೆ ಆಗ ಇಳಿದಳು. ಸೀರೆಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಟೈರಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದಳು, ಮೇಲಿಂದ ಕೆಳಗೆ, ಆಮೇಲೆ ಒಳಮಗ್ಗುಲಿಗೆ ಕೈ ತೂರಿಸಿ, ಕಣ್ಣಿಗೆ ಕಾಣದ ಕಡೆಯೂ. ಏನು ಹುಡುಕುತ್ತಿದ್ದಾಳೆಂದು ನಮಗೆ ತಿಳಿಯಲಿಲ್ಲ. ಗಾರ್ಮೆಂಟನ್ನು ಅವಳು ಕಣ್ಣಲ್ಲೂ ನೋಡಿದವಳಲ್ಲ, ಆದರೆ ಫಿನಿಶಿಂಗ್‌ನವರು ಪ್ಯಾಂಟನ್ನು ಸವರುವುದೂ ಹೀಗೆಯೇ. ಒಂದು ಕಡೆ ಅವಳ ಕೈ ನಿಂತಿತು. ತಿರುಗಿ ನೋಡದೆ ಸೊಸೆಯ ಕಡೆ ಕೈ ಚಾಚಿದಳು.

"ಕತ್ತರಿ ಕೊಡು."

ಸೊಸೆ ಕೊರಳಿನ ಕತ್ತರಿ ತೆಗೆದುಕೊಟ್ಟಳು. ಅತ್ತೆ ಟೈರಿನ ಒಳಮಗ್ಗುಲಿಗೆ ಕೈ ಹಾಕಿ ಕಚಕ್ ಎನ್ನಿಸಿದಳು. ಉಳಿದುಹೋಗಿದ್ದ ಒಂದೇ ಒಂದು ರಬ್ಬರಿನ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೊಂದು ಬಿಟ್ಟೀಯಲ್ಲೇ," ಎಂದಳು.

ಮೊದಲು ನಕ್ಕವಳು ದೊಡ್ಡಕ್ಕ. ಆಮೇಲೆ ಇಡೀ ಜೀಪು. ಅಳುತ್ತಿದ್ದ ಹುಡುಗಿ ಅಳುತ್ತಲೇ ನಕ್ಕಳು.

"ನೀ ಯಾಕ ಅಷ್ಟು ಒದರ್ತೀಪಾ?" ಎಂದು ಅತ್ತೆ ನನ್ನನ್ನೇ ದಬಾಯಿಸಿದಳು. "ಅಲ್ಲಿ ಹೋಗಿ ಏನ್ ಮಾಡ್ತಾರೋ, ಹರಟಿ ಹೊಡಕೊಂಡು ಕುಂದರ್ತಾರೋ ಅಂದ್ಕೊಂಡಿದ್ದೆ. ಯಾರಿಗೂ ಕಾಣದ ಕಡಿಗೆ ಕೈ ಹಾಕಿ ಕೆಲಸ ಮಾಡ್ಯಾರ. ಕೆಲಸ ಕಲ್ತಾರ ಬಿಡು."

"ಮಜ್ಜಿಗೆ ಚೆಲ್ಲೋಯ್ತಲ್ಲವ್ವ," ಎಂದೆ ನಾನು. ನನಗೆ ಯಾಕೆ ಬೇಕಿತ್ತು! ಬಾಯಿ ಸುಮ್ಮನಿರಬೇಕಲ್ಲ.

ಅತ್ತೆ ಸೊಸೆಯ ಮುಖ ನೋಡಿದಳು. "ಗಾಡಿ ಅಲುಗ್ಯಾಡ್ತು. 'ನಾನಽ' ಅನ್ನೋವಾಗ ಇಕಿ ಅಲುಗ್ಯಾಡ್ಲಿಲ್ಲ. ಮೆಲ್ಲಕ ಹೊಡಿ, ಹೊತ್ತಾತು. ಅಕಿ ಮಿಷನ್ನು ಮತ್ಯಾರಿಗರ ಕೊಟ್ಟಾರು."

ಸೊಸೆ ಆಗ ಅತ್ತಳು. ಆವತ್ತು ಗದ್ದೆಗೆ ಬಿದ್ದು ಬಂದ ದಿನ ತಡೆದಿದ್ದನ್ನೂ ಸೇರಿಸಿ ಅತ್ತಳು. ಅತ್ತೆ ಅವಳ ಕೊರಳಿಗೆ ಕತ್ತರಿಯನ್ನು ಮತ್ತೆ ಹಾಕಿ, "ಸಾಕು, ಹತ್ತು," ಎಂದಳು.

ಮುಂದಿನ ಭಾನುವಾರದವರೆಗೂ ಕತ್ತೆಯ ನಡಿಗೆಯಲ್ಲಿ ಗಾಡಿ ಓಡಿಸಿದೆ. ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಬುತ್ತಿ ಕಟ್ಟಿಕೊಂಡು ನಿಂತಿರುತ್ತಿದ್ದರು, ನನಗೆ ಹಾರನ್ ಹೊಡೆಯುವ ಸಂದರ್ಭವೇ ಬರಲಿಲ್ಲ. ಸೀಸದ ಚೂರುಗಳು ಎಲ್ಲಿ ಹೋಗಿದ್ದವು ಗೊತ್ತೇ? ಜೀಪಿನ ಹಿಂಬಾಗಿಲಿನ ಒಳಅಂಚಿಗೆ, ಒಂದರ ಪಕ್ಕ ಒಂದರಂತೆ, ಸಾಲಾಗಿ ಅಂಟಿಕೊಂಡಿದ್ದವು. ಕಿತ್ತದ್ದನ್ನು ನೆಲಕ್ಕೆ ಹಾಕಬಾರದಲ್ಲ! ಯಾವುದು ಯಾವ ಚಕ್ರದ್ದು, ಎಲ್ಲಿಯದು ಎಂದು ಯಾರಿಗೆ ಗೊತ್ತು? ಬಳ್ಳಾರಿಯ ಅಂಗಡಿಯವರು ನನ್ನ ಕಥೆ ಕೇಳಿ ನಕ್ಕು ನಕ್ಕು ಮಿಷನ್ನನ್ನೇ ಹಿಡಿದುಕೊಂಡರು. ಮತ್ತೆ ನಾಲ್ಕೂ ಚಕ್ರ ಬಿಚ್ಚಿ, ಬ್ಯಾಲೆನ್ಸ್ ಮಾಡಿ, ಈ ಸಲ ಸುತ್ತಿಗೆಯಿಂದ ಬಡಿದು ಕೂರಿಸುವ ಸೀಸ ಹಾಕಿದರು. "ಇದನ್ನ ಕೀಳಾಕ ನಿಮ್ಮ ಹೆಣ್ಮಕ್ಕಳ ಕೈಲೂ ಆಗಂಗಿಲ್ಲ," ಎಂದರು. ನನಗೆ ಅಷ್ಟು ನಂಬಿಕೆಯಿರಲಿಲ್ಲ.

ಸೋಮವಾರ ಅತ್ತೆ ಮತ್ತೆ ತಂಬಿಗೆ ಹಿಡಿದು ಬಂದಳು. ಯಾರೂ ಕೇಳಿರಲಿಲ್ಲ. ಡಾಂಬರಿಗೆ ಏರಿದ ಮೇಲೆ ಮುಚ್ಚಳ ತೆಗೆದಳು. ರಾಯದುರ್ಗದ ಕೋಟೆ ಬೆಟ್ಟ ಕಾಣುವವರೆಗೂ ಆ ಮಜ್ಜಿಗೆ ಒಂದು ಹನಿಯೂ ತುಳುಕದೆ ಕುಳಿತಿತ್ತು. ಗಾರ್ಮೆಂಟಿನ ಮುಂದೆ ಇಳಿದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಕುಡಿ. ಹೊಟ್ಟಿ ತಣ್ಣಗಿದ್ರ ಒದರಾಟ ಕಡಿಮಿ ಆಗ್ತೈತಿ," ಎಂದಳು. ಅಂಥ ಮಜ್ಜಿಗೆಯನ್ನು ನಾನು ಮತ್ತೆಲ್ಲೂ ಕುಡಿದಿಲ್ಲ.

ಸೊಸೆ ಮಿಷನ್ನಿಗೆ ಕೂತಳು. ಕಾಲುವೆಯಲ್ಲಿ ನೀರು ಬಂತು, ಹೋಯಿತು, ಗದ್ದೆಯಲ್ಲಿ ಭತ್ತ ಕೊಯ್ದರು. ಒಂದು ಸಂಜೆ ರಾಯದುರ್ಗದ ಬಸ್ ನಿಲ್ದಾಣದ ಹತ್ತಿರ ಸೊಸೆ, "ಅಣ್ಣಾ, ಒಂದೀಟು ನಿಲ್ಲಸ್ರಿ," ಎಂದಳು. ಬೆಂಗಳೂರಿನ ಬಸ್ಸಿನಿಂದ ಇಳಿದ ಒಬ್ಬ ಹುಡುಗ ಬ್ಯಾಗು ಹೊತ್ತು ಬಂದು, ಅಷ್ಟೊಂದು ಹೆಂಗಸರನ್ನು ನೋಡಿ ನಾಚಿಕೊಂಡು, ನನ್ನ ಪಕ್ಕದಲ್ಲಿ ಕುಳಿತ. ಅವನೇ ಗಂಡ. ತೊಟ್ಟಿದ್ದದ್ದು ಹೊಸ ಜೀನ್ಸ್ ಪ್ಯಾಂಟು. ಯಾರು ಹೊಲಿದು ಕಳಿಸಿದ್ದೆಂದು ನಾನು ಕೇಳಲಿಲ್ಲ, ಹಿಂದಿನ ಹುಡುಗಿಯರ ಕಿಸಿಕಿಸಿ ನಗುವೇ ಹೇಳುತ್ತಿತ್ತು.

ಅತ್ತೆ ಬಾಗಿಲಲ್ಲೇ ನಿಂತಿದ್ದಳು, ಅಂದು ಕೆಸರಾಗಿ ಬಂದಾಗ ನಿಂತಿದ್ದ ಜಾಗದಲ್ಲೇ. ಮಗ ಇಳಿದು ಹತ್ತಿರ ಹೋದ. ಚೆನ್ನಾಗಿದ್ದೀಯಾ ಎಂದು ಅವಳು ಕೇಳಲಿಲ್ಲ. ಅವನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪ್ಯಾಂಟಿನ ಕಾಲಿನ ಅಂಚನ್ನು ಮಡಿಚಿ ಒಳಗೆ ಅಂಗೈ ಸವರಿದಳು. ಒಂದು ಕಾಲು, ಆಮೇಲೆ ಇನ್ನೊಂದು. ಮೆಲ್ಲಗೆ ಎದ್ದು ಸೊಂಟದ ಪಟ್ಟಿ, ಆಮೇಲೆ ಅಂಗಿಯ ತೋಳು, ಹೆಗಲು. "ಒಂದೂ ದಾರ ಬಿಟ್ಟಿಲ್ಲ," ಎಂದಳು ಸೊಸೆಯ ಕಡೆ ನೋಡಿ. ದಾರ ಹುಡುಕುವುದು ಮುಗಿದಿತ್ತು, ಆದರೆ ಅವಳ ಕೈ ಮಗನ ಬೆನ್ನ ಮೇಲೆ ಇನ್ನೂ ಸವರುತ್ತಲೇ ಇತ್ತು.

ಜೀಪಿನಲ್ಲಿ ಇನ್ನೂ ಎಷ್ಟೋ ಜನ ಇಳಿಯುವವರಿದ್ದರು, ಹೊತ್ತೂ ಆಗಿತ್ತು. ನಾನು ಹಾರನ್ನಿಗೆ ಕೈ ಹಾಕಲಿಲ್ಲ.